ತಂದೆಯ ಬಂದೂಕು, 19ರ ಮಗ: ಕಾನೂನು ಏನನ್ನುತ್ತದೆ?

ಪ್ರಶ್ನೆ: ನಮ್ಮ ಕಬ್ಬಿನ ಹೊಲಕ್ಕೆ ಕಾಡುಹಂದಿಗಳ ಕಾಟ ಹೆಚ್ಚಾಗಿದೆ. ಬೆಳೆ ರಕ್ಷಣೆಗೆಂದು 26 ವರ್ಷಗಳಿಂದ ನನ್ನ ಹೆಸರಿನಲ್ಲಿರುವ ಬಂದೂಕಿನ ಪರವಾನಗಿಯನ್ನು 19 ವರ್ಷದ ಮಗನಿಗೆ ಕೊಡಿಸಬಹುದೇ? ಅಲ್ಲಿಯವರೆಗೆ ರಾತ್ರಿ ಕಾವಲಿಗೆ ಅವನು ಅದನ್ನು ಒಯ್ಯಬಹುದೇ?
– ಓದುಗರು, ಮುಧೋಳ ತಾಲ್ಲೂಕು

ಉತ್ತರ: ಎರಡೂ ಈಗ ಸಾಧ್ಯವಿಲ್ಲ. 1959ರ ಆಯುಧ ಕಾಯ್ದೆಯ 9ನೇ ಕಲಮಿನ ಪ್ರಕಾರ 21 ವರ್ಷ ತುಂಬದ ಯಾರೂ ಬಂದೂಕನ್ನು ಪಡೆಯುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ, ಒಯ್ಯುವಂತೆಯೂ ಇಲ್ಲ. ನಿಯಮಾನುಸಾರದ ತರಬೇತಿಯಲ್ಲಿ ಬಳಸುವುದಕ್ಕಷ್ಟೇ ವಿನಾಯಿತಿ ಉಂಟು. ಹೊಲದ ಕಾವಲು ಅದರಲ್ಲಿ ಸೇರುವುದಿಲ್ಲ. ಪರವಾನಗಿ ತಮ್ಮದೆಂಬ ಕಾರಣಕ್ಕೆ ಮಗನಿಗೆ ರಕ್ಷಣೆ ಸಿಗದು. ದಯವಿಟ್ಟು ಒಂದು ರಾತ್ರಿಯ ಮಟ್ಟಿಗೂ ಅವನ ಕೈಗೆ ಕೊಡಬೇಡಿ. ಪರವಾನಗಿಯಿಲ್ಲದೆ ಬಂದೂಕು ಹೊಂದುವುದು ಜೈಲು ಶಿಕ್ಷೆಗೆ ಗುರಿಮಾಡುವ ಅಪರಾಧವಾಗಿದ್ದು, ಓದುವ ವಯಸ್ಸಿನ ಹುಡುಗನ ಮುಂದಿನ ಬದುಕಿಗೇ ಅದು ಅಡ್ಡಿಯಾದೀತು.

ಆದರೆ 2016ರ ಆಯುಧ ನಿಯಮಗಳಲ್ಲಿ ತಮಗೆ ಅನುಕೂಲವಾದ ಅವಕಾಶವಿದೆ: ಪರವಾನಗಿದಾರರಿಗೆ 70 ವರ್ಷ ತುಂಬಿದಾಗ ಅಥವಾ ಅವರು ಬಂದೂಕನ್ನು 25 ವರ್ಷ ಹೊಂದಿದಾಗ, ಯಾವುದು ಮೊದಲೋ ಆಗ, ತಾವು ಸೂಚಿಸಿದ ವಾರಸುದಾರನಿಗೆ ಪರವಾನಗಿ ಕೋರಬಹುದು. ಮಗನಿಗೆ 21 ತುಂಬಿದ ಬಳಿಕ ಬಾಗಲಕೋಟೆಯ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಸಲ್ಲಿಸಿ. ಪೊಲೀಸ್ ವರದಿ ತರಿಸಿಕೊಂಡು ನಿರ್ಧರಿಸುತ್ತಾರೆ. ನಿರಾಕರಿಸಿದರೆ ಮೇಲ್ಮನವಿಗೆ ದಾರಿಯಿದೆ.

ಇನ್ನೊಂದು ಮಾತು: ಬಂದೂಕಿನ ಪರವಾನಗಿಯು ಹಂದಿಯನ್ನು ಕೊಲ್ಲುವ ಅನುಮತಿಯಲ್ಲ. 1972ರ ವನ್ಯಜೀವಿ ಕಾಯ್ದೆ ಅದಕ್ಕೂ ಅನ್ವಯಿಸುವುದರಿಂದ, ಮೊದಲು ಅರಣ್ಯ ಇಲಾಖೆಯನ್ನು ಕಂಡು ಬೆಳೆಹಾನಿ ಪರಿಹಾರಕ್ಕೆ ಅರ್ಜಿ ಕೊಡಿ.