ಅರವತ್ತು ಮಾದರಿ, ಉಳಿದದ್ದು ನಾಲ್ಕು ತಿಂಗಳು

ನನ್ನ ಬಳಿ ಆಪ್ತಸಲಹೆಗೆ ಬಂದ ಇಬ್ಬರು ಸಂಶೋಧಕರ ಕತೆ ಇದು; ಗುರುತು ಹತ್ತದಂತೆ ಇಬ್ಬರ ವಿವರಗಳನ್ನೂ ಬದಲಿಸಿದೆ. ಬರೆಯಲು ಇಬ್ಬರೂ ಒಪ್ಪಿದ್ದಾರೆ. ಪ್ರಕರಣ ಹೊಸದೇನಲ್ಲ. ಬೇರೆ ಬೇರೆ ಶಾಸ್ತ್ರದವರು ಸೇರಿ ಮಾಡುವ ಸಂಶೋಧನೆಗೆ ಅರ್ಜಿ ಕರೆದಾಗಲೆಲ್ಲ, ಕೊನೆಯ ದಿನಕ್ಕೆ ಮೂರು ವಾರ ಇರುವಾಗ, ಇದೇ ತೊಡಕು ಬೇರೆ ಮುಖ ಹೊತ್ತು ಆಪ್ತಸಲಹೆಗೆ ಬರುತ್ತದೆ. ನಿದ್ದೆ ಬರುತ್ತಿಲ್ಲ ಅನ್ನುತ್ತಾರೆ, ಮೇಲ್ ತೆರೆಯಲು ಮನಸ್ಸಾಗುತ್ತಿಲ್ಲ ಅನ್ನುತ್ತಾರೆ. ಕೆದಕಿದರೆ ತಳದಲ್ಲಿ ಒಂದು ಬಜೆಟ್ ಪಟ್ಟಿ ಸಿಗುತ್ತದೆ.

ಬಂದವರು ಗಣಿತದವರು, ಜೀವಿಸಮುದಾಯಗಳ ಏರಿಳಿತಕ್ಕೆ ಸಮೀಕರಣ ಕಟ್ಟುವವರು. ಕೆಲಸದ ಕರಾರು ಮುಗಿಯಲು 14 ತಿಂಗಳಿತ್ತು. ಜೊತೆಗಾರರು ಬೇರೊಂದು ಸಂಸ್ಥೆಯ ಹಿರಿಯರು, ಮಣ್ಣಿನ ಸೂಕ್ಷ್ಮಜೀವಿಗಳ ತಜ್ಞರು. ಮೂರು ವರ್ಷದ ಜಂಟಿ ಅನುದಾನ. ಎರಡು ಶಾಸ್ತ್ರದವರು ಸೇರಿಯೇ ಹಾಕಬೇಕೆಂಬ ಷರತ್ತು. ಮೊದಲ ಭೇಟಿಯಲ್ಲಿ ಆಕೆ ಹೇಳಿದ್ದು: "ಮೇಡಂ, ಆ ಅರ್ಜಿಯಲ್ಲಿ ನಾನು ಲೆಕ್ಕಕ್ಕುಂಟು, ಆಟಕ್ಕಿಲ್ಲ."

ಇದನ್ನು ಆತ್ಮವಿಶ್ವಾಸದ ಕೊರತೆ ಎಂದು ಬರೆದುಕೊಂಡು ಧೈರ್ಯ ತುಂಬಿ ಕಳಿಸುವುದು ಸುಲಭ. ಹಿರಿಯ-ಕಿರಿಯ ಸಂಬಂಧದ ಕಡೆಗೆ ಮಾತು ಹೊರಳಿಸುವುದು ಇನ್ನೂ ಸುಲಭ. ಆದರೆ ಆಕೆಯ ಮಾತು ಅರ್ಜಿಯ ಬಗ್ಗೆ ಇತ್ತು, ಹಾಗಾಗಿ ಮುಂದಿನ ಸಲ ಅರ್ಜಿಯನ್ನೇ ತರಲು ಹೇಳಿದೆ, ಸಾಧ್ಯವಾದರೆ ಜೊತೆಗಾರರನ್ನೂ. ಅವರು ಬಂದರು. ಬೇಸರವೇನೂ ಇರಲಿಲ್ಲ, ತಮ್ಮಿಂದ ಏನು ತಪ್ಪಾಯಿತೆಂದು ನಿಜವಾಗಿಯೂ ತಿಳಿದಿರಲಿಲ್ಲ.

ಮೇಜಿನ ಮೇಲೆ ಎರಡು ಹಾಳೆ ಪಕ್ಕಪಕ್ಕ ಇಟ್ಟೆವು: ಒಂದು ಕೆಲಸದ ವೇಳಾಪಟ್ಟಿ, ಇನ್ನೊಂದು ಸಂಬಳದ ಪಟ್ಟಿ. ಅರ್ಜಿಯ ಫಾರಂನಲ್ಲಿ ಇವೆರಡರ ನಡುವೆ ಹತ್ತಾರು ಪುಟ ಇರುತ್ತವೆ. ಒಟ್ಟಿಗೆ ಯಾರೂ ನೋಡುವುದಿಲ್ಲ. ಹಿರಿಯರ ಪಟ್ಟಿ ಹೀಗಿತ್ತು: ಮೊದಲ ಮೂರು ತಿಂಗಳು ಅನುಮತಿ, ಸಲಕರಣೆ. ನಾಲ್ಕರಿಂದ ಹದಿನೈದನೇ ತಿಂಗಳವರೆಗೆ 60 ಜಾಗ ಸುತ್ತಿ, ಒಂದೊಂದು ಕಡೆ ಒಂದೊಂದು ಸಲ ಮಣ್ಣು ತೆಗೆಯುವುದು. ಎಲ್ಲವನ್ನೂ ಮೈನಸ್ 80 ಡಿಗ್ರಿ ಫ್ರೀಜರ್‌ನಲ್ಲಿಟ್ಟು, ಕೊನೆಗೆ ಒಂದೇ ಬಾರಿಗೆ ಡಿಎನ್‌ಎ ತೆಗೆದು ಸೀಕ್ವೆನ್ಸಿಂಗ್‌ಗೆ, ಅಂದರೆ ಅದರ ಅಕ್ಷರಕ್ರಮ ಓದಿಸಲು, ಕಳಿಸುವುದು. ಒಂದೇ ಬಾರಿ ಮಾಡುವುದಕ್ಕೆ ಸರಿಯಾದ ಕಾರಣವೇ ಇದೆ. ಕಂತುಕಂತಾಗಿ ಮಾಡಿದರೆ ಕಿಟ್ ಬದಲಾಗುತ್ತದೆ, ಕೈ ಬದಲಾಗುತ್ತದೆ, ಯಂತ್ರದ ಓಟ ಬದಲಾಗುತ್ತದೆ. ಕಂತಿನ ವ್ಯತ್ಯಾಸವೇ ಮಣ್ಣಿನ ವ್ಯತ್ಯಾಸದಂತೆ ಕಾಣಿಸಿಬಿಡುತ್ತದೆ. ಹಾಗಾಗಿ ಶುದ್ಧ ಮಾಡಿದ ಡೇಟಾ ಸಿಗುವುದು 20ನೇ ತಿಂಗಳ ಕೊನೆಗೆ.

ಸಂಬಳದ ಪಟ್ಟಿಯಲ್ಲಿ ಆಕೆಯ ಪೋಸ್ಟ್‌ಡಾಕ್ ಹುಡುಗನಿಗೆ (ಪಿಎಚ್‌ಡಿ ಮುಗಿಸಿ ಆಕೆಯ ಕೈಕೆಳಗೆ ಸಂಶೋಧನೆ ಮಾಡುವವನಿಗೆ) ಒಂದನೇ ತಿಂಗಳಿಂದ 24ನೇ ತಿಂಗಳವರೆಗೆ ಹಣ ಇತ್ತು.

ಆಕೆ ಪೆನ್ಸಿಲ್‌ನಲ್ಲಿ 24ರಿಂದ 20 ಕಳೆದು ಪಕ್ಕದಲ್ಲಿ ನಾಲ್ಕು ಎಂದು ಬರೆದರು. "ಅಲ್ಲಿಯತನಕ ನನ್ನ ಹುಡುಗ ಏನು ಮಾಡಬೇಕು ಸರ್?"

"ಮಾಡೆಲ್ ಸಿದ್ಧ ಮಾಡ್ಕೊಳ್ಳಲಿ ಅಂತ ಅಂದ್ಕೊಂಡಿದ್ದೆ."

"ಯಾವುದಕ್ಕೆ? ಒಂದು ಜಾಗಕ್ಕೆ ಒಂದೇ ಮಾದರಿ ಇದ್ರೆ ಏನು ಏರ್ತು, ಏನು ಇಳೀತು ಅಂತ ಹೇಳೋಕಾಗಲ್ಲ. ನನ್ನ ಸಮೀಕರಣಕ್ಕೆ ಒಂದೇ ಜಾಗ ಮತ್ತೆ ಮತ್ತೆ ಬೇಕು."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆರು ಜಾಗ, ಹತ್ತು ಸಲ ಆದ್ರೆ?" ಎಂದರು.

ಆರು ಹತ್ತಲ ಅರವತ್ತು. ಅದೇ 60 ಮಾದರಿ, ಸೀಕ್ವೆನ್ಸಿಂಗ್‌ಗೆ ಅದೇ ಖರ್ಚು. ಆದರೆ ಸಂಶೋಧನೆ ಬೇರೆಯೇ ಆಯಿತು. ಹತ್ತು ಸಲ ಎಂಬುದು ಕಮ್ಮಿಯೇ, ಸಮೀಕರಣದಲ್ಲಿ ಅಂದಾಜಿಸಬೇಕಾದ ಸಂಖ್ಯೆಗಳನ್ನು ಕಡಿಮೆ ಇಟ್ಟುಕೊಳ್ಳಬೇಕಾಗುತ್ತದೆ ಎಂದು ಆಕೆ ಅಂದರು. ಡೇಟಾ ಬೇಗ ಬರಬೇಕೆಂದರೆ ಕಂತುಕಂತಾಗಿಯೇ ಓಡಿಸಬೇಕು; ಆ ಕಂತಿನ ತೊಂದರೆಗೆ ಹಿರಿಯರೇ ದಾರಿ ಹೇಳಿದರು: ಪ್ರತಿ ಕಂತಿನಲ್ಲೂ ಏನೇನಿದೆ ಎಂದು ಮೊದಲೇ ಗೊತ್ತಿರುವ ಒಂದು ಮಿಶ್ರಣ, ಜೊತೆಗೆ ಹಿಂದಿನ ಕಂತಿನ ಒಂದೆರಡು ಮಣ್ಣನ್ನು ಮತ್ತೆ ಓಡಿಸಿದರೆ ಎಷ್ಟು ವಾಲಿದೆ ಎಂದು ಅಳೆಯಬಹುದು. ಮೊದಲ ಕಂತಿನ ಡೇಟಾ ಏಳನೇ ತಿಂಗಳಿಗೇ ಬರುತ್ತದೆ. ಹುಡುಗನನ್ನು ಆಗಲೇ ಸೇರಿಸಿಕೊಂಡರೆ ಅವನ 24 ತಿಂಗಳೂ ಕೆಲಸದ ತಿಂಗಳಾಗುತ್ತವೆ.

ಮಾದರಿ ಎಂಬ ಒಂದೇ ಪದವನ್ನು ಹಿರಿಯರು ಮಣ್ಣಿನ ಸ್ಯಾಂಪಲ್‌ಗೆ, ಆಕೆಯ ಹುಡುಗ ತನ್ನ ಟಿಪ್ಪಣಿಯಲ್ಲಿ ಮಾಡೆಲ್‌ಗೆ ಬಳಸಿದ್ದೂ ಆ ಹೊತ್ತಲ್ಲೇ ಕಣ್ಣಿಗೆ ಬಿತ್ತು. ನಕ್ಕರು. ಆ ನಗು ಬರಲು ನಾಲ್ಕು ತಿಂಗಳ ಮೇಲ್ ವ್ಯವಹಾರ ಸಾಕಾಗಿರಲಿಲ್ಲ.

ಆಮೇಲೆ ನಾನು ಕೊಟ್ಟ ಸಲಹೆ ಕೆಲವು ಸಹೋದ್ಯೋಗಿಗಳಿಗೆ ಇಂದಿಗೂ ಸರಿ ಕಂಡಿಲ್ಲ: ಈ ಸಲ ಅರ್ಜಿ ಹಾಕಬೇಡಿ. ಕೊನೆಯ ದಿನಕ್ಕೆ 19 ದಿನ ಇತ್ತು. ಅದರಲ್ಲಿ ಹತ್ತು ಕೆಲಸದ ದಿನ ಎರಡು ಸಂಸ್ಥೆಗಳ ಸಹಿ-ಸೀಲಿಗೆ, ಹಣಕಾಸು ವಿಭಾಗದ ಪರಿಶೀಲನೆಗೆ ಹೋಗುತ್ತದೆ. ಉಳಿದದ್ದರಲ್ಲಿ ಮಾದರಿ ತೆಗೆಯುವ ವಿನ್ಯಾಸ, ಬಜೆಟ್, ವೇಳಾಪಟ್ಟಿ ಮೂರನ್ನೂ ಹೊಸದಾಗಿ ಬರೆಯಬೇಕು. ಕರಾರು ಮುಗಿಯುತ್ತಿರುವವರಿಗೆ ಅವಕಾಶ ಬಿಡಿ ಅನ್ನಬಹುದೇ ಎಂದು ಆ ಸಹೋದ್ಯೋಗಿಗಳು ಕೇಳಿದರು. ಹಳೆಯ ಅರ್ಜಿಗೆ ಹಣ ಬಂದಿದ್ದರೆ ಆಕೆಗೆ ಸಿಗುತ್ತಿದ್ದದ್ದು ಸುಮ್ಮನೆ ಕೂತ ಪೋಸ್ಟ್‌ಡಾಕ್ ಮತ್ತು ಪ್ರಬಂಧಗಳಲ್ಲಿ ಯಾರೂ ಗಮನಿಸದ ಮಧ್ಯದ ಒಂದು ಹೆಸರು. ಆಕೆಯ ಭಾಗವನ್ನು ಇಡಿಯಾಗಿ ಕಿತ್ತರೂ ಆ ಅರ್ಜಿ ನಿಲ್ಲುತ್ತಿತ್ತು. ನಿಲ್ಲುವಂತಿದ್ದರೆ ಅದು ಅಂತರಶಾಸ್ತ್ರೀಯ ಅಲ್ಲ, ಎರಡು ಅರ್ಜಿಗೆ ಒಂದು ಸ್ಟೇಪಲ್ ಪಿನ್.

ಪರಿಶೀಲಕರಿಗೂ ಅದು ಕಾಣುತ್ತದೆ. ಇಂಥ ಅರ್ಜಿ ಸಾಮಾನ್ಯವಾಗಿ ಎರಡೂ ಕಡೆಯವರ ಕೈಗೆ ಹೋಗುತ್ತದೆ. ಜೀವಶಾಸ್ತ್ರದವರು ಗಣಿತ ಯಾಕೆ ಬೇಕಿತ್ತು ಅನ್ನುತ್ತಾರೆ, ಗಣಿತದವರು ಗಣಿತದಲ್ಲಿ ಹೊಸತೇನಿದೆ ಅನ್ನುತ್ತಾರೆ. ಆಸ್ಟ್ರೇಲಿಯಾದ ಸಂಶೋಧನಾ ಮಂಡಳಿಯ ಡಿಸ್ಕವರಿ ಯೋಜನೆಗೆ ಐದು ವರ್ಷದಲ್ಲಿ ಬಂದ 18,476 ಅರ್ಜಿಗಳನ್ನು ಅಳೆದು 2016ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಶಾಸ್ತ್ರಗಳ ನಡುವಿನ ದೂರ ಹೆಚ್ಚಿದಷ್ಟೂ ಹಣ ಸಿಗುವ ಸಾಧ್ಯತೆ ಇಳಿದಿತ್ತು. ದಾರಿ ಮೊದಲೇ ಕಡಿದಾದದ್ದು. ಅದಕ್ಕೆ ಅರ್ಧ ಬೆಂದ ಅರ್ಜಿ ಹಿಡಿದು ಹೋಗಬಾರದು.

ಬದಲಿಗೆ ಏನು? ಹಣದ ಗುಣ ನೋಡಿ ಆರಿಸಬೇಕು, ಮೊತ್ತ ನೋಡಿ ಅಲ್ಲ. ಪರಿಚಯವೇ ಆಗಬೇಕಾದವರಿಗೆ ಯುರೋಪಿನ ಕಾಸ್ಟ್ ಆಕ್ಷನ್‌ನಂಥವು ಸರಿ: ನಾಲ್ಕು ವರ್ಷ ಸಭೆ, ಕಿರು ಭೇಟಿ, ತರಬೇತಿ ಶಾಲೆಗೆ ಹಣ ಕೊಡುತ್ತವೆ, ಸಂಶೋಧನೆಯ ಖರ್ಚಿಗೆ ಕೊಡುವುದಿಲ್ಲ. ಇದನ್ನು ಓದದೆ ಉಪಕರಣ ಕೇಳಿ ಅರ್ಜಿ ಬರೆಯುವವರಿದ್ದಾರೆ. 1989ರಲ್ಲಿ ಶುರುವಾದ ಹ್ಯೂಮನ್ ಫ್ರಾಂಟಿಯರ್ ಸೈನ್ಸ್ ಪ್ರೋಗ್ರಾಂ ಬೇರೆ ಬೇರೆ ದೇಶಗಳ, ಮೊದಲು ಒಟ್ಟಿಗೆ ದುಡಿಯದ ಪ್ರಯೋಗಾಲಯಗಳು ಸೇರುವುದನ್ನೇ ಬಯಸುತ್ತದೆ. ಮೊದಲು ಆಶಯಪತ್ರ, ಕರೆ ಬಂದರಷ್ಟೇ ಪೂರ್ಣ ಅರ್ಜಿ. ಯುರೋಪಿಯನ್ ರಿಸರ್ಚ್ ಕೌನ್ಸಿಲ್‌ನ ಸಿನರ್ಜಿ ಅನುದಾನ ಎರಡರಿಂದ ನಾಲ್ಕು ಪ್ರಧಾನ ಸಂಶೋಧಕರಿಗೆ ಆರು ವರ್ಷಕ್ಕೆ 1 ಕೋಟಿ ಯೂರೋವರೆಗೆ ಕೊಡುತ್ತದೆ, ಆದರೆ ಒಬ್ಬರಿಲ್ಲದೆ ಇನ್ನೊಬ್ಬರಿಂದ ಈ ಕೆಲಸ ಆಗದು ಎಂದು ತೋರಿಸಿಕೊಡಬೇಕು. ಹೊರೈಜನ್ ಯುರೋಪ್‌ನ ಸಾಮಾನ್ಯ ಸಹಯೋಗ ಯೋಜನೆಗೆ ಮೂರು ದೇಶಗಳ ಕನಿಷ್ಠ ಮೂರು ಸಂಸ್ಥೆ ಬೇಕು. ಇನ್ನು ಕೆಲವು ಜಂಟಿ ಕರೆಗಳಲ್ಲಿ ಒಬ್ಬೊಬ್ಬರಿಗೂ ಅವರವರ ದೇಶದ ಸಂಸ್ಥೆಯೇ ಹಣ ಕೊಡುತ್ತದೆ. ಅಲ್ಲಿ ಒಂದು ಕಡೆಯ ಹಣ ಆರು ತಿಂಗಳು ತಡವಾದರೆ ಇಡೀ ವೇಳಾಪಟ್ಟಿ ಕುಂಟುತ್ತದೆ. ಅದಕ್ಕೆ ಯಾರೂ ಅರ್ಜಿಯಲ್ಲಿ ಜಾಗ ಬಿಟ್ಟಿರುವುದಿಲ್ಲ.

ಈ ಇಬ್ಬರಿಗೆ ಇವ್ಯಾವುದೂ ಆಗಲೇ ಬೇಕಿರಲಿಲ್ಲ. ಹಿರಿಯರ ಸಂಸ್ಥೆಯಲ್ಲಿ ಒಳಗಿನವರಿಗೇ ಕೊಡುವ ಸಣ್ಣ ಬೀಜಧನ ಇತ್ತು. ಎರಡು ಜಾಗ, ನಾಲ್ಕು ಸಲ, ಎಂಟು ಮಾದರಿ ಮತ್ತು ಆಕೆಯ ಹುಡುಗ ಒಂದು ತಿಂಗಳು ಅವರ ಪ್ರಯೋಗಾಲಯದಲ್ಲಿ ಕೂರುವುದು, ಇಷ್ಟಕ್ಕೆ ಸಾಕು. ಎಂಟು ಮಾದರಿಯಿಂದ ವಿಜ್ಞಾನ ಹೊರಡುವುದಿಲ್ಲ. ಫೈಲಿನ ಹೆಸರು ಯಾರು ಇಡುತ್ತಾರೆ, ಕಾಲಂ ಶೀರ್ಷಿಕೆಗೆ ಏನರ್ಥ, ಮಣ್ಣಿನ ತೇವಾಂಶ ಯಾರೂ ಬರೆದಿಟ್ಟಿಲ್ಲ ಎಂಬುದೆಲ್ಲ ಹೊರಡುತ್ತದೆ.

ಜೊತೆಗೆ ಒಂದು ಪುಟದ ಒಪ್ಪಂದ ಬರೆಯಲು ಹೇಳಿದೆ. ಹಣ ಬರುವ ಮೊದಲೇ, ಏಕೆಂದರೆ ಹಣ ಬಂದ ಮೇಲೆ ಪ್ರತಿ ಪ್ರಶ್ನೆಯೂ ಅನುಮಾನದಂತೆ ಕೇಳಿಸುತ್ತದೆ. ಮೊದಲ ಎರಡು ಪ್ರಬಂಧಗಳ ಮೊದಲ ಹೆಸರು ಯಾರದು, ಯಾರು ಏನು ಮಾಡಿದರೆಂದು ಹೇಗೆ ದಾಖಲಿಸುವುದು (ಇದಕ್ಕೆ ಹಲವು ಪತ್ರಿಕೆಗಳು ಬಳಸುವ ಕ್ರೆಡಿಟ್ (CRediT) ಪಟ್ಟಿಯ 14 ಪಾತ್ರಗಳು ಹೇಳಿಮಾಡಿಸಿದಂತಿವೆ), ಡೇಟಾವನ್ನು ಮೊದಲು ಎಷ್ಟು ತಿಂಗಳು ಯಾರು ಬಳಸಬಹುದು, ಒಬ್ಬರು ಸಂಸ್ಥೆ ಬದಲಿಸಿದರೆ ಅವರ ಪಾಲಿನ ಹಣ ಎಲ್ಲಿಗೆ. ಆಕೆಯ ಮಟ್ಟಿಗೆ ಕೊನೆಯದೇ ಮುಖ್ಯ, ಕರಾರಿನಲ್ಲಿ ಉಳಿದದ್ದು 14 ತಿಂಗಳು. ಹಿರಿಯರು ಅದನ್ನು ಓದಿ, "ನಂಬಿಕೆ ಇಲ್ವಾ ಅಮ್ಮಾ?" ಅಂದರು. ಆಕೆ, "ನಂಬಿಕೆ ಇರೋದಕ್ಕೇ ಈಗ ಬರೀತಿದೀನಿ ಸರ್. ಇಲ್ದಿದ್ರೆ ಆಮೇಲೆ ವಕೀಲರ ಹತ್ರ ಬರೆಸ್ತಿದ್ದೆ" ಅಂದರು. ನಾನು ಕಲಿಸಿದ ಮಾತಲ್ಲ.

ಮುಂದಿನ ವರ್ಷ ಇದೇ ಕರೆ ಇದೇ ವಿಷಯಕ್ಕೆ ಬರುತ್ತದೆಯೇ ಎಂದು ಹೊರಡುವಾಗ ಕೇಳಿದರು. ಬರುತ್ತದೆಂದು ನಂಬಿಸಲಿಲ್ಲ, ಇಂಥ ಕರೆಗಳ ವಿಷಯ ಬದಲಾಗುತ್ತಿರುತ್ತದೆ. ಆದರೆ ಆರು ಜಾಗ, ಹತ್ತು ಸಲ ಎಂಬ ವಿನ್ಯಾಸವನ್ನು ಯಾವ ಕರೆಯ ತಲೆಬರಹದ ಕೆಳಗಾದರೂ ಬರೆಯಬಹುದು.

ಬೀಜಧನ ಸಿಕ್ಕಿದೆ, ಎರಡು ಸಲ ಮಣ್ಣು ತೆಗೆದಾಗಿದೆ. ಒಪ್ಪಂದದಲ್ಲಿ ಒಂದು ಸಾಲು ಇನ್ನೂ ಖಾಲಿ ಇದೆ: ಯೋಜನೆ ಮುಗಿದ ಮೇಲೆ ಫ್ರೀಜರ್‌ನಲ್ಲಿ ಉಳಿದ ಮಣ್ಣು ಯಾರದು.