ಬೇಕೆಂದೇ ಕೆಟ್ಟದಾಗಿ ಹಾಡಿದ ಒಳ್ಳೆಯ ಗಾಯಕಿ

ನಮಸ್ಕಾರ. ನಿಮ್ಮ ಪತ್ರವನ್ನು ಪೂರ್ತಿ ಅಚ್ಚು ಮಾಡಲು ಜಾಗ ಸಾಲದು. ಉಳಿದ ಓದುಗರಿಗಾಗಿ ಅದರ ಸಾರವನ್ನು ಮೊದಲು ಹೇಳಿಬಿಡುತ್ತೇನೆ. ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ನೀವು ‘ಕೀಪಿಂಗ್ ಅಪ್ ಅಪಿಯರೆನ್ಸಸ್’ ಎಂಬ ಟಿವಿ ಹಾಸ್ಯ ಧಾರಾವಾಹಿ ನೋಡಿದ್ದೀರಿ. ಅದರಲ್ಲಿ ದೊಡ್ಡಸ್ತಿಕೆ ತೋರಿಸಿಕೊಳ್ಳುವ ಗೃಹಿಣಿ ಹಯಸಿಂತ್ ಬಕೆಟ್ ಪಾತ್ರ ನಿಮಗೆ ಬಹಳ ಹಿಡಿಸಿದೆ. ಆ ಪಾತ್ರ ಮಾಡಿದ ಪೆಟ್ರೀಷಿಯಾ ರೌಟ್ಲೆಜ್ 2025ರ ಅಕ್ಟೋಬರ್ 3ರಂದು ತೀರಿಕೊಂಡರು. ನಮ್ಮ ಶ್ರದ್ಧಾಂಜಲಿಯಲ್ಲಿ ಅವರನ್ನು ‘ನಟಿ ಮತ್ತು ಗಾಯಕಿ’ ಎಂದಿದ್ದೆವು. ನಿಮ್ಮ ತಕರಾರು ಅಲ್ಲೇ. ‘ಆಕೆ ಹಾಡಲು ಬಾಯಿ ತೆರೆದರೆ ಪಕ್ಕದ ಮನೆಯವನೇ ಓಡಿಹೋಗುತ್ತಾನೆ, ಗಾಯಕಿ ಅಂತ ಹೇಗೆ ಕರೆದಿರಿ?’ ಎಂದು ಕೇಳಿದ್ದೀರಿ. ‘ಅರವತ್ತು ದಾಟಿದ ಮೇಲೆ ಹೆಸರು ಬಂತು. ಅಲ್ಲಿಯವರೆಗಿನ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತು ಅಲ್ವಾ?’ ಎಂದೂ ಬರೆದಿದ್ದೀರಿ.

ಮೊದಲ ಪ್ರಶ್ನೆಗೆ ನೇರ ಉತ್ತರ ಕೊಡುತ್ತೇನೆ. ಅವರು ತುಂಬ ಒಳ್ಳೆಯ ಗಾಯಕಿ. 1968ರಲ್ಲಿ ಅಮೆರಿಕದ ಟೋನಿ ಪ್ರಶಸ್ತಿ ಬಂತು, 1988ರಲ್ಲಿ ಲಂಡನ್ನಿನ ಒಲಿವಿಯೆ ಪ್ರಶಸ್ತಿ ಬಂತು. ಆ ಎರಡು ದೇಶಗಳ ರಂಗಭೂಮಿಯಲ್ಲಿ ಅದಕ್ಕಿಂತ ದೊಡ್ಡ ಗೌರವ ಇಲ್ಲ. ಎರಡೂ ಬಂದದ್ದು ಸಂಗೀತ ನಾಟಕಗಳಲ್ಲಿನ ಕೆಲಸಕ್ಕೆ, ಹಾಡಿಯೇ ಗೆದ್ದದ್ದಕ್ಕೆ.

ನೀವು ಹೇಳಿದ ದೃಶ್ಯವನ್ನೇ ತೆಗೆದುಕೊಳ್ಳಿ. ಪಕ್ಕದ ಮನೆಯ ಎಮೆಟ್ ಸಂಗೀತ ನಾಟಕ ಆಡಿಸುವವನು. ಅವನ ನಾಟಕದಲ್ಲಿ ಪಾತ್ರ ಗಿಟ್ಟಿಸಬೇಕೆಂದು ಹಯಸಿಂತ್ ಕಂಡಕಂಡಲ್ಲಿ ಹಾಡುತ್ತಾಳೆ. ಶ್ರುತಿಜ್ಞಾನ ಇಲ್ಲದವರು ಅಪಸ್ವರ ಹಾಡಿದರೆ ಅದು ಸುಮ್ನೆ ಕಿರಿಕಿರಿ, ನಗು ಬರುವುದಿಲ್ಲ. ಇಲ್ಲಿ ನಾವು ನಗುತ್ತೇವೆ. ಯಾಕೆಂದರೆ ರೌಟ್ಲೆಜ್ ಯಾವ ಸ್ವರದಲ್ಲಿ ಎಷ್ಟು ಜಾರಬೇಕು ಎಂದು ಲೆಕ್ಕ ಇಟ್ಟು ಜಾರುತ್ತಾರೆ. ಉಸಿರು ಎಲ್ಲೂ ಕಡಿಮೆಯಾಗುವುದಿಲ್ಲ. ಸದ್ದು ಕೋಣೆ ತುಂಬುತ್ತದೆ. ಹಯಸಿಂತ್‌ಗೆ ತನ್ನ ಕಂಠದ ಮೇಲೆ ಪೂರ್ತಿ ನಂಬಿಕೆ ಇದೆ, ಆ ನಂಬಿಕೆಯೂ ಸ್ವರದಲ್ಲೇ ಕೇಳಿಸುತ್ತದೆ. ಇದು ವರ್ಷಗಟ್ಟಲೆ ಸಾಧನೆ ಮಾಡಿದ ಗಂಟಲಿಗೆ ಮಾತ್ರ ಆಗುವ ಕೆಲಸ.

ಅವರು ಹುಟ್ಟಿದ್ದು 1929ರ ಫೆಬ್ರವರಿ 17ರಂದು, ಬರ್ಕನ್‌ಹೆಡ್ ಊರಿನ ಟ್ರಾನ್‌ಮಿಯರ್‌ನಲ್ಲಿ. ಮರ್ಸಿ ನದಿಯ ಆಚೆ ದಡದಲ್ಲಿ ಲಿವರ್‌ಪೂಲ್ ಇದೆ. ತಂದೆಗೆ ಬಟ್ಟೆಬರೆಯ ಅಂಗಡಿ. ಲಿವರ್‌ಪೂಲ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದರು. ಓದುವಾಗಲೇ ನಾಟಕದ ಗೀಳು ಹತ್ತಿತು. 1952ರಲ್ಲಿ ಲಿವರ್‌ಪೂಲ್ ಪ್ಲೇಹೌಸ್‌ನಲ್ಲಿ ಷೇಕ್ಸ್‌ಪಿಯರನ ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ನ ಹಿಪಾಲಿಟಾ ಆಗಿ ರಂಗಕ್ಕೆ ಬಂದರು. ಬ್ರಿಸ್ಟಲ್‌ನ ಓಲ್ಡ್ ವಿಕ್ ನಾಟಕ ಶಾಲೆಯಲ್ಲಿ ಕಲಿತದ್ದೂ ಆ ಕಾಲದಲ್ಲೇ. ಆಮೇಲೆ ಲಂಡನ್ನಿನ ರಂಗಮಂದಿರಗಳು, ಹಾಡು, ಹಾಸ್ಯ, ಗಂಭೀರ ನಾಟಕ ಎಲ್ಲ ಜೊತೆಜೊತೆಗೇ ನಡೆದವು. 1966ರಲ್ಲಿ ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ತಾಣವಾದ ಬ್ರಾಡ್‌ವೇ ತಲುಪಿದರು.

ಅಲ್ಲಿನ ಕಥೆ ವಿಚಿತ್ರವಾಗಿದೆ. 1968ರ ಜನವರಿಯಲ್ಲಿ ‘ಡಾರ್ಲಿಂಗ್ ಆಫ್ ದ ಡೇ’ ತೆರೆಕಂಡಿತು. ಸಂಗೀತ ಜೂಲ್ ಸ್ಟೈನ್ ಅವರದು, ಹಾಡುಗಳನ್ನು ಬರೆದವರು ಯಿಪ್ ಹಾರ್ಬರ್ಗ್, ನಾಯಕ ವಿನ್ಸೆಂಟ್ ಪ್ರೈಸ್. ತಾಲೀಮಿನ ಹೊತ್ತಿಗೇ ಜಗಳ, ಬದಲಾವಣೆ ಜಾಸ್ತಿಯಾಗಿ, ಕಥೆ ಬರೆದವರ ಹೆಸರೇ ಹಾಕದೆ ನಾಟಕ ಶುರುವಾಯಿತು. 31 ಪ್ರದರ್ಶನಕ್ಕೆ ಮುಗಿಯಿತು. ಅಷ್ಟರಲ್ಲೇ ನಿಂತುಹೋದ ನಾಟಕದ ನಾಯಕಿಗೆ ಅತ್ಯುತ್ತಮ ನಟಿ ಪ್ರಶಸ್ತಿ ಬಂತು! ಆ ವರ್ಷ ಅದನ್ನು ಲೆಸ್ಲಿ ಅಗಮ್ಸ್ ಜೊತೆ ಹಂಚಿಕೊಂಡರು.

1976ರಲ್ಲಿ ಇನ್ನೂ ದೊಡ್ಡ ಏಟು ಬಿತ್ತು. ಲಿಯೊನಾರ್ಡ್ ಬರ್ನ್‌ಸ್ಟೈನ್ ಸಂಗೀತ, ಆಲನ್ ಜೇ ಲರ್ನರ್ ಸಾಹಿತ್ಯ, ಕೋಕಾ-ಕೋಲಾ ಕಂಪನಿಯ ಬಂಡವಾಳ. ನಾಟಕದ ಹೆಸರು ‘1600 ಪೆನ್ಸಿಲ್ವೇನಿಯಾ ಅವೆನ್ಯೂ’. ಅಮೆರಿಕದ ಅಧ್ಯಕ್ಷರ ಮನೆಯ ಕಥೆ. ಅಧ್ಯಕ್ಷರ ಹೆಂಡತಿಯರ ಪಾತ್ರಗಳೆಲ್ಲ ರೌಟ್ಲೆಜ್ ಅವರವೇ. ಒಂದು ಹಾಡಿನಲ್ಲಂತೂ ಅಧಿಕಾರ ಬಿಟ್ಟು ಹೋಗುತ್ತಿರುವ ಜೂಲಿಯಾ ಗ್ರಾಂಟ್, ಅಧಿಕಾರಕ್ಕೆ ಬರುತ್ತಿರುವ ಲೂಸಿ ಹೇಯ್ಸ್ ಇಬ್ಬರೂ ಅವರೇ. ಕ್ಷಣಕ್ಕೊಮ್ಮೆ ಕಂಠ ಬದಲಾಗಬೇಕು, ಮುಖ ಬದಲಾಗಬೇಕು, ಇಬ್ಬರು ಹೆಂಗಸರ ಹೊಟ್ಟೆಕಿಚ್ಚು ಒಂದೇ ಗಂಟಲಿನಿಂದ ಬರಬೇಕು. ಬಂತು. ನಾಟಕ ಮಾತ್ರ 7 ಪ್ರದರ್ಶನಕ್ಕೆ ನಿಂತುಹೋಯಿತು. ಹಾಡುಗಳ ರೆಕಾರ್ಡ್ ಕೂಡ ಹೊರಬರಲಿಲ್ಲ. ನನಗೆ ನಿಜಕ್ಕೂ ಹೊಟ್ಟೆ ಉರಿಯುವುದು ಇಲ್ಲಿ. ರಂಗದ ಮೇಲಿನ ಹಾಡಿಗೆ ಆ ಸಂಜೆ ಅಲ್ಲಿ ಕೂತಿದ್ದವರೇ ಸಾಕ್ಷಿ. ಟಿವಿ ಧಾರಾವಾಹಿಯ ಹಾಗೆ ಅದು ಮರುಪ್ರಸಾರ ಆಗುವುದಿಲ್ಲ. ನಿಮಗೆ ಹಯಸಿಂತ್ ಮಾತ್ರ ಗೊತ್ತಿರುವುದಕ್ಕೆ ಕಾರಣವೂ ಇದೇ.

ಅವರು ಹಾಡುವುದನ್ನು ಬಿಡಲಿಲ್ಲ. 1980ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಬಯಲು ರಂಗದಲ್ಲಿ ‘ದ ಪೈರೇಟ್ಸ್ ಆಫ್ ಪೆನ್ಜಾನ್ಸ್’ನ ರೂತ್ ಆದರು. 1988ರಲ್ಲಿ ಲಂಡನ್ನಿನ ಓಲ್ಡ್ ವಿಕ್‌ನಲ್ಲಿ ‘ಕ್ಯಾಂಡೀಡ್’ ಆಡಿದರು. ಅದರಲ್ಲಿನ ಮುದುಕಿಯ ಪಾತ್ರಕ್ಕೇ ಒಲಿವಿಯೆ ಸಿಕ್ಕಿತು. ಅದರ ಸಂಗೀತವೂ ಬರ್ನ್‌ಸ್ಟೈನ್ ಅವರದೇ!

ಇನ್ನು ಟಿವಿ. ಹಯಸಿಂತ್‌ಗಿಂತ ಮುಂಚೆ ಬ್ರಿಟನ್ನಿನ ಪ್ರೇಕ್ಷಕರಿಗೆ ಅವರು ಇನ್ನೊಂದು ರೀತಿಯಲ್ಲಿ ಗೊತ್ತಿದ್ದರು. ನಾಟಕಕಾರ ಅಲನ್ ಬೆನೆಟ್, ರೌಟ್ಲೆಜ್ ಅವರಿಗಾಗಿ ಒಬ್ಬಳೇ ಮಾತಾಡುವ ನಾಟಕಗಳನ್ನು ಬರೆದರು. 1982ರ ‘ಎ ವುಮನ್ ಆಫ್ ನೋ ಇಂಪಾರ್ಟೆನ್ಸ್’ನಲ್ಲಿ ಪೆಗಿ ಎಂಬ ಆಫೀಸಿನ ಹೆಂಗಸು. ತಾನಿಲ್ಲದೆ ಅಲ್ಲಿ ಏನೂ ನಡೆಯದು ಎಂದು ನಂಬಿದವಳು. 1988ರ ‘ಎ ಲೇಡಿ ಆಫ್ ಲೆಟರ್ಸ್’ನಲ್ಲಿ ಕಂಡವರ ಮೇಲೆಲ್ಲ ದೂರಿನ ಪತ್ರ ಬರೆಯುವ ಐರೀನ್. ಕೊನೆಗೆ ಜೈಲಿಗೆ ಹೋಗಿ ಅಲ್ಲೇ ಖುಷಿಯಾಗಿರುತ್ತಾಳೆ. ಕ್ಯಾಮೆರಾ ಮುಂದೆ ಒಂದು ಮುಖ, ಒಂದು ಕಂಠ, ಬೇರೇನೂ ಇಲ್ಲ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಯಾವ ಪದದ ಮೇಲೆ ಭಾರ ಹಾಕಬೇಕು, ಎಷ್ಟು ಹೊತ್ತು ಸುಮ್ಮನಿರಬೇಕು ಎನ್ನುವುದರ ಮೇಲೆ ಇಡೀ ಆಟ ನಿಂತಿದೆ. ಹಾಡುವವರಿಗೆ ಇದು ದಿನನಿತ್ಯದ ಲೆಕ್ಕ. ಅವರ ಅಭಿನಯದ ಬೇರು ಸಂಗೀತದಲ್ಲಿದೆ ಎಂದು ನಾನು ಹೇಳುವುದು ಇದಕ್ಕೇ.

ರಾಯ್ ಕ್ಲಾರ್ಕ್ ಬರೆದ ನಿಮ್ಮ ಮೆಚ್ಚಿನ ಧಾರಾವಾಹಿ 1990ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಆಗ ರೌಟ್ಲೆಜ್ ಅವರಿಗೆ 61 ವರ್ಷ. 44 ಕಂತುಗಳಾಗಿ 1995ರ ಕ್ರಿಸ್‌ಮಸ್‌ಗೆ ಮುಗಿಯಿತು. ಹೊರದೇಶಗಳಿಗೆ ಬಿಬಿಸಿ ಅತಿ ಹೆಚ್ಚು ಮಾರಿದ ಕಾರ್ಯಕ್ರಮಗಳಲ್ಲಿ ಅದೂ ಒಂದು. ಅಷ್ಟು ಹೆಸರಿದ್ದಾಗಲೇ ಸಾಕು ಎಂದವರು ಅವರೇ. ಬೇರೆ ಪಾತ್ರ ಮಾಡುವ ಆಸೆ ಇತ್ತು. ಮರುವರ್ಷವೇ ‘ಹೆಟಿ ವೇನ್‌ತ್ರಪ್’ ಎಂಬ ಪತ್ತೇದಾರಿ ಅಜ್ಜಿಯಾಗಿ ಬಂದರು, 1998ರವರೆಗೆ ಅದು ನಡೆಯಿತು.

ನೀವು ಕೇಳದ ಒಂದು ಸಂಗತಿ ಹೇಳಲೇಬೇಕು. ಹಯಸಿಂತ್ ಆಗಿ ಅಪಸ್ವರ ಹಾಡುತ್ತಿದ್ದ ಆ ವರ್ಷಗಳಲ್ಲೇ, 1992ರ ಡಿಸೆಂಬರ್‌ನಲ್ಲಿ, ಲಂಡನ್ನಿನ ನ್ಯಾಷನಲ್ ಥಿಯೇಟರ್ ‘ಕರೌಸೆಲ್’ ನಾಟಕ ಆಡಿತು. ನಿರ್ದೇಶನ ನಿಕೊಲಸ್ ಹೈಟ್ನರ್. ನೆಟಿ ಫೌಲರ್ ಪಾತ್ರ ರೌಟ್ಲೆಜ್ ಅವರದು. ಗಂಡ ಸತ್ತ ಹುಡುಗಿಗೆ ಧೈರ್ಯ ಹೇಳುತ್ತ ನೆಟಿ ‘ಯು ವಿಲ್ ನೆವರ್ ವಾಕ್ ಅಲೋನ್’ ಹಾಡುತ್ತಾಳೆ. ಲಿವರ್‌ಪೂಲ್ ಫುಟ್‌ಬಾಲ್ ಅಭಿಮಾನಿಗಳು ಮೈದಾನದಲ್ಲಿ ಒಟ್ಟಾಗಿ ಹಾಡುವ ಹಾಡು ಇದೇ. ಅದೇ ನದಿಯ ದಡದಲ್ಲಿ ಬೆಳೆದವರು ಅದನ್ನು ದೇಶದ ದೊಡ್ಡ ರಂಗದ ಮೇಲೆ ಹಾಡಿದರು. ಟಿವಿಯಲ್ಲಿ ಅವರ ಗಂಟಲು ಕೇಳಿ ನಕ್ಕ ಜನರೇ ಇಲ್ಲಿ ಅದೇ ಗಂಟಲಿಗೆ ಕಣ್ಣೀರು ಒರೆಸಿಕೊಂಡಿರಬೇಕು.

ಎರಡನೇ ಪ್ರಶ್ನೆಗೆ ಬರುತ್ತೇನೆ. ಹುಣಸೆಹಣ್ಣಿನ ಮಾತು ನಾನು ಒಪ್ಪುವುದಿಲ್ಲ. 61ನೇ ವಯಸ್ಸಿನಲ್ಲಿ ಅವರಿಗೆ ಸಿಕ್ಕಿದ್ದು ಮನೆಮಾತಾಗುವ ಖ್ಯಾತಿ. ಕೆಲಸ, ಕಲೆ, ಜೊತೆಯ ಕಲಾವಿದರ ಗೌರವ, ಇವೆಲ್ಲ ಅದಕ್ಕೂ ಬಹಳ ಮುಂಚೆಯೇ ಇದ್ದವು. ಏಳೇ ಪ್ರದರ್ಶನಕ್ಕೆ ನಿಂತ ನಾಟಕದಲ್ಲೂ ಅವರು ಕಡಿಮೆ ಹಾಡಲಿಲ್ಲ. ಆ ವರ್ಷಗಳಿಲ್ಲದಿದ್ದರೆ ನೀವು ಮೆಚ್ಚಿದ ಹಯಸಿಂತ್ ಕೂಡ ಇರುತ್ತಿರಲಿಲ್ಲ.

ಎಂಬತ್ತು ದಾಟಿದ ಮೇಲೂ ಅವರು ಪಿಯಾನೊ ವಾದಕ ಪಿಯರ್ಸ್ ಲೇನ್ ಜೊತೆ ‘ಅಡ್ಮಿಷನ್: ಒನ್ ಶಿಲಿಂಗ್’ ಎಂಬ ಪ್ರದರ್ಶನ ಕೊಡುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಚಿತ್ರಗಳನ್ನೆಲ್ಲ ಬಾಂಬಿಗೆ ಹೆದರಿ ಬೇರೆಡೆ ಸಾಗಿಸಿದ್ದರು. ಆ ಖಾಲಿ ಕಟ್ಟಡದಲ್ಲಿ ಪಿಯಾನೊ ಕಲಾವಿದೆ ಮೈರಾ ಹೆಸ್ 1939ರಿಂದ 1946ರವರೆಗೆ ಮಧ್ಯಾಹ್ನದ ಕಛೇರಿಗಳನ್ನು ನಡೆಸಿದರು. ಒಟ್ಟು 1,698 ಕಛೇರಿಗಳು. ಟಿಕೆಟ್ಟಿಗೆ ಒಂದು ಶಿಲಿಂಗ್. ಮೈರಾ ಹೆಸ್ ಮಾತುಗಳನ್ನು ರೌಟ್ಲೆಜ್ ಆಡುತ್ತಿದ್ದರು, ಲೇನ್ ನುಡಿಸುತ್ತಿದ್ದರು. ಬಾಂಬು ಬೀಳುತ್ತಿದ್ದ ಬರ್ಕನ್‌ಹೆಡ್‌ನಲ್ಲಿ ಬಾಲ್ಯ ಕಳೆದವರಿಗೆ ಆ ಕಥೆ ಎಷ್ಟು ಹತ್ತಿರದ್ದು ಎಂದು ಹೇಳಬೇಕಿಲ್ಲ. 2017ರಲ್ಲಿ ರೌಟ್ಲೆಜ್ ಅವರಿಗೆ ಡೇಮ್ ಗೌರವ ಬಂತು, ಗಂಡಸರಿಗೆ ಕೊಡುವ ‘ಸರ್’ ಪದವಿಗೆ ಸಮನಾದದ್ದು.

ನಿಮಗೆ ಕಿವಿಯಾರೆ ಕೇಳಿ ತೀರ್ಮಾನ ಮಾಡುವ ಇಷ್ಟವಿದ್ದರೆ ‘ಡಾರ್ಲಿಂಗ್ ಆಫ್ ದ ಡೇ’ ಹಾಡುಗಳ ರೆಕಾರ್ಡ್ ಇದೆ. ಅದರಿಂದ ಶುರು ಮಾಡಿ. ಆಮೇಲೆ ಸೆಂಟ್ರಲ್ ಪಾರ್ಕಿನ ‘ಪೈರೇಟ್ಸ್’ ವಿಡಿಯೊ ನೋಡಿ. ಕೇಳಿದ ಮೇಲೂ ‘ಗಾಯಕಿ’ ಎನ್ನುವುದಕ್ಕೆ ನಿಮ್ಮ ತಕರಾರು ಉಳಿದಿದ್ದರೆ ಖಂಡಿತ ಬರೆಯಿರಿ, ಆ ಪತ್ರವನ್ನೂ ಅಚ್ಚು ಮಾಡುತ್ತೇವೆ.

– ಸಂಪಾದಕ