ಪಿಎಚ್ ಸರಿ ಇದ್ದರೂ ಸಿಗಡಿ ಸಾಯುತ್ತಿದೆಯಾ?

ಪ್ರಶ್ನೆ: ವಾರಕ್ಕೊಮ್ಮೆ ಅಕ್ವೇರಿಯಂನಿಂದ ಅರ್ಧ ಟ್ಯಾಂಕ್ ನೀರು ತೆಗೆದು ಆರ್‌ಒ ನೀರು ತುಂಬುತ್ತೇನೆ. ಮರುದಿನ ಒಂದೆರಡು ಚೆರ್ರಿ ಸಿಗಡಿ ಸತ್ತಿರುತ್ತವೆ. ಪಿಎಚ್ 7 ಇದೆ. ಅಯೋಡಿನ್ ಹಾಕಲೇ?

ಉತ್ತರ: ಬೇಡ. ಬೇಕಾದಷ್ಟು ಅಯೋಡಿನ್ ಆಹಾರದಲ್ಲೇ ಸಿಗುತ್ತದೆ, ಜಾಸ್ತಿಯಾದರೆ ಅದೇ ವಿಷ. ಎಲ್ಲ ಸಾವಿಗೂ ಒಂದೇ ಸೀಸೆ ತೋರಿಸುವ ಮಹಾನುಭಾವರಿಂದ ದೂರ ಇರಿ.

ಈ ಪಿಎಚ್ ಜಪ ಕೇಳಿ ಕೇಳಿ ಸಾಕಾಗಿದೆ. 6.5ರಿಂದ 8ರವರೆಗೆ ಎಲ್ಲಿದ್ದರೂ ಚೆರ್ರಿ ಸಿಗಡಿಗೆ ತಕರಾರಿಲ್ಲ. ನೋಡಬೇಕಾದದ್ದು ಜಿಎಚ್, ಅಂದರೆ ನೀರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ. ಅದನ್ನು ನೀವು ಅಳೆದೇ ಇಲ್ಲ, ಅಲ್ವಾ?

ಸತ್ತ ಸಿಗಡಿಯನ್ನು ಎಸೆಯುವ ಮೊದಲು ಹತ್ತಿರದಿಂದ ನೋಡಿ. ತಲೆಯ ಮೇಲಿನ ಚಿಪ್ಪು ಮುಗಿದು ಹಿಂಭಾಗದ ಪಟ್ಟಿಗಳು ಶುರುವಾಗುವ ಜಾಗದಲ್ಲಿ ಸುತ್ತಲೂ ಬಿಳಿ ಉಂಗುರ ಇದ್ದರೆ, ಅದು ಚಿಪ್ಪು ಕಳಚಲಾಗದೆ ಸತ್ತದ್ದು. ಎಲ್ಲ ಸರಿ ಇದ್ದಾಗ ಆ ಸಂದು ಬೆನ್ನಿನ ಕಡೆ ಮಾತ್ರ ತೆರೆಯುತ್ತದೆ. ಸಿಗಡಿ ಮೈ ಬಗ್ಗಿಸಿ ಅದರೊಳಗಿಂದ ಚಿಮ್ಮುತ್ತದೆ. ಮೀಸೆ, ಕಾಲುಗಳ ಸಮೇತ ಗಾಜಿನಂಥ ಖಾಲಿ ಅಂಗಿ ಉಳಿಯುತ್ತದೆ. ಸುತ್ತಲೂ ಒಡೆದರೆ ಹೊರಬರುವುದು ಕಷ್ಟ.

ಆರ್‌ಒ ನೀರಿನಲ್ಲಿ ಖನಿಜ ಇಲ್ಲವೆಂದೇ ಹೇಳಬೇಕು. ಜಿಎಚ್ 8 ಇದ್ದ ಟ್ಯಾಂಕಿಗೆ ಅದನ್ನು ಅರ್ಧ ಸುರಿದರೆ ಒಂದೇ ಏಟಿಗೆ 4. ಮುಂದಿನ ವಾರ 2. ಚಿಪ್ಪು ಕಟ್ಟುವ ಸರಕೂ ಇಲ್ಲ, ನೀರು ದಿಢೀರ್ ಬದಲಾದ ಆಘಾತ ಬೇರೆ.

ಇನ್ನು ಮುಂದೆ ಆರ್‌ಒ ನೀರಿಗೆ ಸಿಗಡಿಯ ಖನಿಜ ಪುಡಿಯನ್ನು ಬಕೆಟ್ಟಿನಲ್ಲೇ ಕಲಸಿ. ಜಿಎಚ್ 6–8, ಕೆಎಚ್ (ಪಿಎಚ್ ಏರುಪೇರಾಗದಂತೆ ತಡೆಯುವ ಕಾರ್ಬೊನೇಟ್ ಅಂಶ) 2–4 ಇರಲಿ. ಈಗ ಇಳಿದಿರುವುದನ್ನು ಒಂದೇ ದಿನದಲ್ಲಿ ಏರಿಸಬೇಡಿ, ಪ್ರತಿ ಸಲ ಒಂದು ಅಂಕ ಸಾಕು. ವಾರಕ್ಕೆ ಶೇಕಡಾ 10ರಷ್ಟು ನೀರು ಬದಲಿಸಿ, ಸಣ್ಣ ಪೈಪಿನಿಂದ ತೊಟ್ಟಿಕ್ಕಿಸಿ. ಆವಿಯಾಗಿ ಇಳಿದ ನೀರಿಗೆ ಮಾತ್ರ ಬರೀ ಆರ್‌ಒ, ಏಕೆಂದರೆ ಖನಿಜ ಆವಿಯಾಗುವುದಿಲ್ಲ.

ನೀರಲ್ಲಿ ಕರಗಿದ್ದೆಲ್ಲವನ್ನೂ ಒಟ್ಟಿಗೆ ಲೆಕ್ಕ ಹಾಕುವ ಟಿಡಿಎಸ್ ಮೀಟರ್ 200 ತೋರಿಸಿತು ಎಂದು ಬೀಗಬೇಡಿ. ಚಿಟಿಕೆ ಅಡುಗೆ ಉಪ್ಪು ಹಾಕಿದರೂ ಅದು ಏರುತ್ತದೆ. ಜಿಎಚ್‌ಗೆ ಹನಿ ಹಾಕಿ ನೋಡುವ ಕಿಟ್ಟೇ ಬೇಕು.

ಪ್ರಶ್ನೆ: ಕಳಚಿದ ಚಿಪ್ಪು ತೆಗೆಯಬೇಕೇ?

ಸುಮ್ನೆ ಬಿಡಿ, ಅವೇ ತಿನ್ನುತ್ತವೆ.

ಪ್ರಶ್ನೆ: ಅಮಾನೋ ಸಿಗಡಿ ಮೊಟ್ಟೆ ಹೊತ್ತರೂ ಮರಿ ಏಕೆ ಕಾಣುವುದಿಲ್ಲ?

ಅದರ ಲಾರ್ವಾ ಬೆಳೆಯಲು ಉಪ್ಪುನೀರು ಬೇಕು. ನಿಮ್ಮ ಟ್ಯಾಂಕಿನಲ್ಲಿ ಆಗದ ಕೆಲಸ.

ಪ್ರಶ್ನೆ: ಮೊಟ್ಟೆ ಹೊತ್ತ ಚೆರ್ರಿಯನ್ನು ಬೇರೆ ಡಬ್ಬಿಗೆ ಹಾಕಲೇ?

ಯಾಕೆ ಈ ಉಪದ್ರವ? ಇದ್ದಲ್ಲೇ ಇರಲಿ. ಮೂರ್ನಾಲ್ಕು ವಾರದಲ್ಲಿ ದೊಡ್ಡವುಗಳದ್ದೇ ರೂಪದ ಪುಟ್ಟ ಮರಿಗಳು ಬರುತ್ತವೆ. ಫಿಲ್ಟರ್ ನೀರೆಳೆಯುವ ಬಾಯಿಗೆ ಸ್ಪಾಂಜ್ ಕಟ್ಟಿ. ಮೀನು ಜೊತೆಗಿದ್ದರೆ ಮರಿ ಎಣಿಸುವ ಆಸೆ ಬಿಡಿ.

ಪ್ರಶ್ನೆ: ಕ್ರಿಸ್ಟಲ್ ರೆಡ್ ಸಿಗಡಿಯನ್ನೂ ಅದೇ ಟ್ಯಾಂಕಿಗೆ ಬಿಡಬಹುದೇ?

ಬಿಡಬೇಡಿ. ಅದಕ್ಕೆ ಕೆಎಚ್ ಸೊನ್ನೆಯ ಹತ್ತಿರವಿರುವ, ಪಿಎಚ್ 6ರ ಆಸುಪಾಸಿನ ಮೆದು ನೀರೇ ಬೇಕು.

ಪ್ರಶ್ನೆ: ಬಸವನಹುಳು ಕೊಲ್ಲುವ ಔಷಧಿ ಹಾಕಬಹುದೇ?

ಅದರಲ್ಲಿ ತಾಮ್ರ ಇದ್ದರೆ ಸಿಗಡಿಯೂ ಸಾಯುತ್ತದೆ. ಕೈಯಿಂದ ಹೆಕ್ಕಿ, ಊಟ ಕಮ್ಮಿ ಹಾಕಿ.